ಕನ್ನಡಿಯಲ್ಲಿ ನೆಟ್ಟಗಿದ್ದ ಅಕ್ಷರಗಳು

ಹುಡುಗಿಯ ಹೆಬ್ಬೆರಳು ‘ಅಳಿಸು’ ಎಂಬ ಗುಂಡಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ನಾನು ಫೋನಿನ ಮೇಲೆ ಅಂಗೈ ಅಡ್ಡ ಇಟ್ಟೆ.

“ಬಿಡಿ ಮೇಡಂ. ಇದು ನನ್ನ ಫೋನು.”

“ಫೋನು ನಿಂದೇ ಕಣಮ್ಮ. ಅದರೊಳಗಿರೋ ಸಾಕ್ಷಿ ನಂದು.”

ಅವಳು ಕೈ ಎಳೆದುಕೊಳ್ಳಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ. ಸ್ಟೇಷನ್ನಿನಲ್ಲಿ ನನ್ನನ್ನು ಎದುರಿಗೆ ಇನ್‌ಸ್ಪೆಕ್ಟರ್ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಗೋಂದು ಎನ್ನುತ್ತಾರೆ. ಅಂಟಿಕೊಂಡರೆ ಬಿಡುವುದಿಲ್ಲವಂತೆ. ಆ ಹೆಸರಿಗೆ ನಾನು ಇವತ್ತಿನವರೆಗೂ ಬೇಸರಪಟ್ಟಿಲ್ಲ.

‘ಹಿತೈಷಿ’ ಎಂದು ಹೆಸರಿಟ್ಟುಕೊಂಡು ಮುಖ ಮರೆಸಿಕೊಂಡವನೊಬ್ಬ ಕನ್ನಡಕದಂಗಡಿಯ ಈ ಹುಡುಗಿಯ ಬೆನ್ನು ಹತ್ತಿ ತಿಂಗಳುಗಳೇ ಆಗಿದ್ದವು. ಈ ಬೆಳಿಗ್ಗೆ ಗಡುವನ್ನೂ ಕೊಟ್ಟಿದ್ದ. ಬೇರೆ ಊರಿನ ಕಣ್ಣಾಸ್ಪತ್ರೆಯಲ್ಲಿ ಸಿಕ್ಕಿರುವ ಕೆಲಸವನ್ನು ಅವಳು ಸಂಜೆಯೊಳಗೆ ಬೇಡ ಎನ್ನಬೇಕು. ಇಲ್ಲದಿದ್ದರೆ, ಅವಳ ಮುಖಕ್ಕೆ ಬೇರೆ ಯಾರದೋ ಬೆತ್ತಲೆ ಮೈ ಅಂಟಿಸಿ ಅವಳಿಗೆ ಮೊದಲೇ ಕಳಿಸಿದ್ದ ಚಿತ್ರ ಅಂಗಡಿಯ ಪ್ರತಿಯೊಬ್ಬ ಗಿರಾಕಿಯ ಫೋನಿಗೂ ಹೋಗುತ್ತದೆ.

ಹುಡುಗಿ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅಂಗಡಿ ಅಪ್ಪನದು. ಇವತ್ತೂ ಅವಳ ಜೊತೆ ಬಂದಿದ್ದ ಅಕ್ಕ ಆಗ ತಾನೇ ಕಾಫಿ ತರಲು ಕೆಳಗೆ ಇಳಿದಿದ್ದಳು. ಅಕ್ಕನ ಹೆಜ್ಜೆ ಸದ್ದು ಮೆಟ್ಟಿಲಲ್ಲಿ ಕರಗಿದ್ದೇ ತಡ, ತಂಗಿ ಫೋನು ತೆಗೆದು ಎಲ್ಲವನ್ನೂ ಅಳಿಸಲು ಹೊರಟಿದ್ದಳು.

“ಕೆಲಸಾನೂ ಬೇಡ, ಕೇಸೂ ಬೇಡ. ಬೇಡ ಅಂತ ಬರೆದುಬಿಡ್ತೀನಿ. ಅವನು ಸುಮ್ಮನಾಗ್ತಾನೆ,” ಎಂದಳು.

ಹೀಗೆ ಸುಮ್ಮನಾದವನನ್ನು ನಾನು ಈ ಕುರ್ಚಿಯಲ್ಲಿ ಕೂತಾಗಿನಿಂದ ಒಬ್ಬನನ್ನೂ ಕಂಡಿಲ್ಲ ಎಂದೆ. ಇವತ್ತು ಕೆಲಸ ಬಿಡಿಸಿದವನು ನಾಳೆ ಸ್ನೇಹಿತೆಯರನ್ನು ಬಿಡಿಸುತ್ತಾನೆ, ನಾಡಿದ್ದು ನಗುವುದನ್ನು ಬಿಡಿಸುತ್ತಾನೆ. ಅವಳು ತಲೆ ತಗ್ಗಿಸಿದಳು. ನಗುವುದನ್ನು ಅವನು ಆಗಲೇ ಬಿಡಿಸಿ ಆಗಿತ್ತು.

ಅವನ ಮಾತುಗಳನ್ನು ನಾನು ಮೊದಲಿನಿಂದ ಓದಿದ್ದೆ. ಶುರುವಿನಲ್ಲಿ ಬೆಣ್ಣೆಯಂಥ ಮಾತು. ಅಷ್ಟು ಹೊತ್ತು ನಿಂತು ಕೆಲಸ ಮಾಡಬೇಡ, ಕಾಲು ನೋಯುತ್ತದೆ. ಆಮೇಲೆ, ನೀಲಿ ಬಟ್ಟೆ ಒಪ್ಪುತ್ತದೆ, ದಿನಾ ಅದನ್ನೇ ಹಾಕು. ಆಮೇಲೆ, ಆ ಗಿರಾಕಿಯ ಹತ್ತಿರ ಅಷ್ಟೊಂದು ಹಲ್ಲು ಬಿಡಬೇಕಿತ್ತಾ? ಅಕ್ಕರೆ ಎಂದು ಶುರುವಾದದ್ದು ಅಪ್ಪಣೆಯಾಗಿ, ಅಪ್ಪಣೆ ಬೆದರಿಕೆಯಾಗಿತ್ತು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಗೊತ್ತೇ ಆಗದ ಹಾಗೆ ಬರೆದಿದ್ದ ಪುಣ್ಯಾತ್ಮ.

“ತಪ್ಪು ನಂದೇ,” ಎಂದಳು ಹುಡುಗಿ. “ಮೊದಲನೇ ಮೆಸೇಜಿಗೆ ನಾನು ಥ್ಯಾಂಕ್ಸ್ ಅಂದಿದ್ದೆ.”

“ಥ್ಯಾಂಕ್ಸ್ ಅನ್ನೋದು ತಪ್ಪಾಗಿದ್ರೆ ನಾನು ಅರ್ಧ ಊರನ್ನ ಒಳಗೆ ಹಾಕ್ಬೇಕಾಗುತ್ತೆ. ಸ್ಟೇಷನ್ನಲ್ಲಿ ಅಷ್ಟು ಜಾಗ ಇಲ್ಲ.”

ಅವಳ ತುಟಿಯ ಕೊನೆ ಒಂದಿಷ್ಟು ಅಲುಗಿತು. ಅಷ್ಟಾದರೂ ಆಯಿತಲ್ಲ ಎಂದು ನನಗೆ ಸಮಾಧಾನವಾಯಿತು. ನನ್ನ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ. ಆದರೂ ಈ ಹುಡುಗಿಯನ್ನು ನೋಡಿದರೆ ತಲೆ ನೇವರಿಸಬೇಕು ಅನ್ನಿಸುತ್ತದೆ. ಯೂನಿಫಾರ್ಮು ಹಾಕಿದವರಿಗೆ ಹಾಗೆಲ್ಲ ಅನ್ನಿಸಬಾರದು ಎಂದು ಎಲ್ಲೂ ಬರೆದಿಲ್ಲ.

ನಾನು ಅಂಗೈ ತೆಗೆದೆ. ಅವಳು ಫೋನನ್ನು ಬೋರಲು ಹಾಕಿ, ಮೇಜಿನ ಮೇಲೆ ನನ್ನ ಕಡೆ ಸರಿಸಿ, ಕಿಟಕಿಯತ್ತ ತಿರುಗಿ ಕೂತಳು. ಆ ಚಿತ್ರವನ್ನು ನೋಡಿದ್ದು ಅವಳು ಮತ್ತು ನಾನು ಇಬ್ಬರೇ. ಅಪ್ಪನಿಗೆ ತೋರಿಸುವ ಮಾತೇ ಇರಲಿಲ್ಲ. ಅಕ್ಕನಿಗೂ ತೋರಿಸಿರಲಿಲ್ಲ. ಅಕ್ಕ ತನ್ನನ್ನು ಎತ್ತಿ ಆಡಿಸಿದವಳು, ಅವಳ ಕಣ್ಣಿಗೆ ಇದು ಬೀಳಬಾರದು ಎಂದು ನಿನ್ನೆಯೇ ನನ್ನ ಕೈ ಹಿಡಿದು ಹೇಳಿದ್ದಳು.

ನಾನು ಫೋನು ಮಗುಚಿ, ಚಿತ್ರ ತೆರೆದು, ಒಂದು ಬಿಳಿ ಹಾಳೆಯಿಂದ ಸ್ಕ್ರೀನಿನ ಕೆಳಗಿನ ಅರ್ಧ ಮುಚ್ಚಿದೆ. “ಈಗ ತಿರುಗಿ ನೋಡು. ಕೆಳಗಿರೋದು ಸುಳ್ಳು, ಅದರಿಂದ ನನಗೇನೂ ಆಗ್ಬೇಕಾಗಿಲ್ಲ. ಮೇಲಿರೋದು ನಿಜವಾದ ಫೋಟೋ. ಯಾವತ್ತೋ, ಯಾರೋ ತೆಗೆದಿದ್ದು. ಅದನ್ನ ತೆಗೆದ ಕೈ ಸಿಕ್ಕರೆ ಹಿತೈಷಿ ಸಿಕ್ಕ ಹಾಗೇನೇ.”

ಅವಳು ತಿರುಗಲಿಲ್ಲ. ತೆಗೆದವನು ಯಾರೆಂದು ಅಪ್ಪನಿಗೆ ಗೊತ್ತಿದೆಯಲ್ಲ ಎಂದಳು.

ಅಪ್ಪನ ಪ್ರಕಾರ ಅದು ಅಂಗಡಿಯ ಹಿಂಬದಿಯಲ್ಲಿ ಲೆನ್ಸ್ ಉಜ್ಜುತ್ತಿದ್ದವನ ಕೆಲಸ. ಹೋದ ತಿಂಗಳು ಜಗಳ ಆಡಿ ಕೆಲಸ ಬಿಟ್ಟಿದ್ದ. ಅವನು ಕೂರುತ್ತಿದ್ದ ಕೋಣೆಗೂ ಕಣ್ಣು ಪರೀಕ್ಷೆಯ ಕೋಣೆಗೂ ನಡುವೆ ಬಾಗಿಲಿರಲಿಲ್ಲ, ಒಂದು ಪರದೆ ಮಾತ್ರ. ಪರದೆ ಸರಿಸಿ ಫೋಟೋ ಹೊಡೆದಿದ್ದಾನೆ ಎಂದು ಅಪ್ಪ ಬೀದಿಯಲ್ಲೇ ಅವನ ಕೊರಳಪಟ್ಟಿ ಹಿಡಿದಿದ್ದರು. ನಿನ್ನೆ ಇದೇ ಕುರ್ಚಿಯಲ್ಲಿ ಕೂತು ಆ ಮನುಷ್ಯ, ಯಜಮಾನರ ಮೇಲೆ ಕೋಪ ಇದ್ದದ್ದು ನಿಜ, ಮಗಳ ಮೇಲೆ ಯಾಕಿರುತ್ತೆ ಮೇಡಂ ಎಂದು ಗೊಳೋ ಎಂದು ಅತ್ತಿದ್ದ. ಅಳು ನೋಡಿ ಬಿಟ್ಟುಬಿಡುವ ಜಾತಿ ನಾನಲ್ಲ. ಆದರೂ ಏನೋ ಹೊಂದುತ್ತಿರಲಿಲ್ಲ.

ನಾನು ಫೋನನ್ನು ಹಾಳೆ ಸಮೇತ ಮೂಗಿನ ತುದಿಗೆ ಹಿಡಿದುಕೊಂಡು ಕಣ್ಣು ಕಿರಿದು ಮಾಡಿದೆ. ಹುಡುಗಿ ಓರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾಗದೆ ಎದ್ದು ಬಂದು ನನ್ನ ಮುಖದಿಂದ ಕನ್ನಡಕವನ್ನೇ ತೆಗೆದುಬಿಟ್ಟಳು.

“ಇದರಲ್ಲಿ ನಿಮಗೆ ಏನು ಕಾಣುತ್ತೆ ಮೇಡಂ? ಗಾಜಿನ ತುಂಬ ಬೆರಳ ಗುರುತು.”

ಚೀಲದಿಂದ ಮೆತ್ತನೆ ಬಟ್ಟೆ ತೆಗೆದು ಒರೆಸಿದಳು. ಉಗುರಿನಷ್ಟು ಗಾತ್ರದ ಸ್ಕ್ರೂಡ್ರೈವರ್ ತೆಗೆದು ಸಡಿಲವಾಗಿದ್ದ ಕಡ್ಡಿ ಬಿಗಿ ಮಾಡಿದಳು. ಮತ್ತೆ ನನ್ನ ಮುಖಕ್ಕೆ ಹಾಕಿ, ಕಿವಿಯ ಹಿಂದೆ ಬೆರಳಿಟ್ಟು, ನೋಯುತ್ತಾ ಎಂದು ಕೇಳಿದಳು. ಕೆಲಸ ಶುರುವಾದ ಕೂಡಲೇ ಹುಡುಗಿ ಬೇರೆಯೇ ಆಗಿದ್ದಳು, ನನಗೆ ಕಣ್ಣು ತುಂಬಿ ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅದೇ ಗಳಿಗೆಯಲ್ಲಿ, ಅದೇ ಕೆಲಸದ ಕಣ್ಣಿನಲ್ಲಿ, ಅವಳು ನನ್ನ ಹೆಗಲ ಮೇಲಿಂದ ಆ ಚಿತ್ರವನ್ನು ನೋಡಿದಳು.

“ಮೇಡಂ, ಅಕ್ಷರ ನೆಟ್ಟಗಿದೆ.”

ಅವಳ ಮುಖದ ಹಿಂದೆ ಗೋಡೆಯಲ್ಲಿ ಕಣ್ಣು ಪರೀಕ್ಷೆಯ ಬೋರ್ಡು ಕಾಣುತ್ತಿತ್ತು. ಮೇಲೆ ದೊಡ್ಡ ಅಕ್ಷರ, ಕೆಳಕೆಳಗೆ ಚಿಕ್ಕದು. ನೆಟ್ಟಗೇ ಇದೆ, ಅದರಲ್ಲೇನು ಎಂದೆ.

“ನಮ್ಮ ಬೋರ್ಡಲ್ಲಿ ಅಕ್ಷರ ಉಲ್ಟಾ.”

ಅವಳು ಮೇಜಿನ ಮೇಲಿದ್ದ ಸಾಮಾನಿನಲ್ಲೇ ಕೋಣೆ ಕಟ್ಟಿ ತೋರಿಸಿದಳು. ಸ್ಟೇಪ್ಲರ್ ಕುರ್ಚಿಯಾಯಿತು, ಪೇಪರ್‌ವೇಟು ರೋಗಿಯಾಯಿತು. ಅವರ ಕೋಣೆ ಗಿಡ್ಡ. ಬೋರ್ಡಿಗೂ ಕಣ್ಣಿಗೂ ಬೇಕಾದ ದೂರ ಸಿಗುವುದಿಲ್ಲ. ಹಾಗಾಗಿ ಬೋರ್ಡನ್ನು ಕುರ್ಚಿಯ ಹಿಂದಿನ ಗೋಡೆಗೆ ಹಾಕಿ, ಎದುರು ಗೋಡೆಗೆ ಕನ್ನಡಿ ಹಾಕಿದ್ದಾರೆ. ರೋಗಿ ಕನ್ನಡಿಯಲ್ಲಿ ಬೋರ್ಡು ನೋಡುತ್ತಾನೆ. ಕನ್ನಡಿಯಲ್ಲಿ ನೆಟ್ಟಗೆ ಕಾಣಲಿ ಎಂದೇ ಬೋರ್ಡಿನ ಮೇಲೆ ಅಕ್ಷರಗಳನ್ನು ಉಲ್ಟಾ ಅಚ್ಚು ಹಾಕಿರುತ್ತಾರೆ.

“ಪರದೆ ಕಡೆಯಿಂದ ತೆಗೆದಿದ್ರೆ ಉಲ್ಟಾನೇ ಬರ್ಬೇಕಿತ್ತು,” ಎಂದಳು. “ಇದು ಕನ್ನಡಿಯೊಳಗಿನ ಫೋಟೋ. ಕುರ್ಚಿಯಲ್ಲಿ ಕೂತವರು ಎದುರಿಗಿನ ಕನ್ನಡಿಗೆ ಹಿಡಿದು ತೆಗೆದಿದ್ದು.”

ಲೆನ್ಸ್ ಉಜ್ಜುವವನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಯಜಮಾನರು ಅವನ ಮನೆಗೆ ಹೋಗಿ ಕೈ ಮುಗಿಯುವುದು ಬಾಕಿ ಇದೆ, ಅದನ್ನು ನಾನೇ ಮುಂದೆ ನಿಂತು ಮಾಡಿಸುತ್ತೇನೆ. ಆದರೆ ಕುರ್ಚಿಯಲ್ಲಿ ದಿನಕ್ಕೆಷ್ಟು ಜನ ಕೂರುತ್ತಾರೋ, ಯಾರೆಂದು ಹುಡುಕುವುದು?

ಹುಡುಗಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಅವಳ ಕಿವಿಯ ಪಕ್ಕದಲ್ಲಿ ಕೆಂಪಗೆ ಎರಡು ತುದಿ ಕಾಣುತ್ತಿದ್ದವು. ನಾನು ಅದನ್ನು ಕೂದಲಿನ ಕ್ಲಿಪ್ಪು ಅಂದುಕೊಂಡಿದ್ದೆ.

“ಇದು ಮೊಲದ ಕಿವಿ,” ಎಂದಳು. ದನಿ ಇಳಿದಿತ್ತು.

ಬೆರಳಿಗೆ ತೊಡುವ ಉಣ್ಣೆಯ ಮೊಲ. ಚಿಕ್ಕ ಮಕ್ಕಳು ಪರೀಕ್ಷೆಗೆ ಬಂದಾಗ ಬೋರ್ಡಿನ ಕಡೆ ನೋಡುವುದೇ ಇಲ್ಲ. ಅದಕ್ಕೆ ಇವಳು ಕುರ್ಚಿಯ ಹಿಂದೆ ನಿಂತು ತನ್ನ ಕಿವಿಯ ಪಕ್ಕ ಒಂದು ಬೊಂಬೆ ಕುಣಿಸುತ್ತಾಳೆ, ಮಗು ಕನ್ನಡಿಯಲ್ಲಿ ಅದನ್ನು ನೋಡುತ್ತದೆ. ಎಲ್ಲ ಮಕ್ಕಳಿಗೂ ಒಂದು ಹಳೇ ಬಾತುಕೋಳಿ ಇದೆ. ಈ ಮೊಲ ಮಾತ್ರ ಒಂದೇ ಒಂದು ಮಗುವಿಗೆಂದು ತಂದದ್ದು. ಪರೀಕ್ಷೆ ಮುಗಿದ ಕೂಡಲೇ ಆ ಮಗು ಹಟ ಹಿಡಿದು ಅದನ್ನು ಮನೆಗೆ ಒಯ್ದಿತ್ತು. ಆ ಮೊಲ ಮತ್ತೆಂದೂ ಅಂಗಡಿಗೆ ಬಂದಿಲ್ಲ.

“ಯಾವ ಮಗು?”

“ಪಾಪು. ಅಕ್ಕನ ಮಗಳು.”

ಪಾಪುವಿಗೆ ನಾಲ್ಕು ವರ್ಷ. ಅವತ್ತು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದು ಯಾರು ಎಂದು ನಾನು ಕೇಳಲಿಲ್ಲ. ಹುಡುಗಿಯ ಮುಖವೇ ಹೇಳುತ್ತಿತ್ತು. ಬದಲಿಗೆ, ಆಸ್ಪತ್ರೆಯ ಕೆಲಸದ ವಿಷಯ ಯಾರಿಗೆಲ್ಲ ಹೇಳಿದ್ದೆ ಎಂದು ಕೇಳಿದೆ. ಅಪ್ಪನಿಗೂ ಇನ್ನೂ ಹೇಳಿಲ್ಲವಂತೆ. ಒಬ್ಬಳಿಗೆ ಮಾತ್ರ ಮೆಸೇಜಿನಲ್ಲಿ ಬರೆದಿದ್ದಳಂತೆ.

ಆ ಒಬ್ಬಳು ಮೂರು ಲೋಟ ಕಾಫಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬಂದಳು.

“ಮೇಡಂಗೆ ಸಕ್ಕರೆ ಕಮ್ಮಿ ಹಾಕ್ಸಿದೀನಿ,” ಎಂದು ಲೋಟ ಇಟ್ಟು, ತಂಗಿಯ ಮುಖ ನೋಡಿ ನಿಂತಳು. “ಯಾಕೆ? ಏನಾಯ್ತು?”

ನನ್ನ ಕೆಲಸದಲ್ಲಿ ಎಷ್ಟೋ ಜನರ ಎದುರು ಕೂತು ಕೇಳಬಾರದ್ದನ್ನು ಕೇಳಿದ್ದೇನೆ. ಇವಳನ್ನು ಕೇಳಲು ಮಾತ್ರ ನಾಲಿಗೆ ಹೊರಳಲಿಲ್ಲ. ತಂಗಿ ನನ್ನ ಬಳಿಗೆ ಬರುವಂತೆ ಮಾಡಿದವಳೇ ಈ ಅಕ್ಕ. ಬೇಡ ಬೇಡ ಎಂದರೂ ಕೈ ಹಿಡಿದು ಎಳೆದುಕೊಂಡು ಬಂದಿದ್ದಳು.

“ಪಾಪು ಕಣ್ಣು ಪರೀಕ್ಷೆ ದಿನ ನೀವು ಫೋಟೋ ತೆಗ್ದಿದ್ರಾ?” ಎಂದೆ.

“ತೆಗ್ದಿದ್ದೆ. ಕನ್ನಡಿಯಲ್ಲಿ.”

“ಯಾರಿಗೆ ಕಳಿಸಿದ್ರಿ?”

“ಯಾರಿಗೂ ಇಲ್ಲ. ನನ್ನ ತಲೆ ಕಾಗೆ ಗೂಡಿನ ಹಾಗಿತ್ತು, ಇದನ್ನ ಯಾರು ನೋಡ್ತಾರೆ ಅಂತ ಇಟ್ಕೊಂಡೆ.” ಎಂದವಳು ನನ್ನನ್ನೂ ತಂಗಿಯನ್ನೂ ನೋಡಿದಳು. “ನನ್ನ ಮೇಲೆ ಅನುಮಾನನಾ?”

“ನನಗಿಲ್ಲ ಅಕ್ಕ,” ಎಂದಳು ತಂಗಿ.

“ನಿನ್ನ ಕೇಳಲಿಲ್ಲ ನಾನು. ಮೇಡಂ ಹೇಳ್ಲಿ.”

ನನಗಿತ್ತು. ಸುಳ್ಳು ಹೇಳಲಾರೆ. ತಂಗಿ ಊರು ಬಿಟ್ಟು ಹೋದರೆ ಅಪ್ಪನೂ ಅಂಗಡಿಯೂ ಇವಳ ತಲೆಗೇ ಬರುತ್ತವೆ. ಆ ಕೆಲಸ ತಪ್ಪಿಸಲು ಇವಳಿಗೊಂದು ಕಾರಣ ಇತ್ತು, ಇವಳಿಗೆ ಮಾತ್ರ ಆ ವಿಷಯ ಗೊತ್ತಿತ್ತು, ಫೋಟೋವೂ ಇವಳದೇ. ಇಷ್ಟನ್ನೂ ನಾನು ನೆಟ್ಟಗೆ ಅವಳ ಮುಖಕ್ಕೇ ಹೇಳಿದೆ. ಕೂಗಾಡುತ್ತಾಳೆ, ಫೋನು ಬಚ್ಚಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಫೋನಿನ ಬೀಗ ತೆಗೆದು, ಆ ಫೋಟೋವನ್ನು ಹುಡುಕಿ, ನನ್ನ ಮುಂದೆ ಇಟ್ಟಳು.

ಮೇಲಿನ ಅರ್ಧ ನನಗೆ ಗೊತ್ತಿದ್ದದ್ದೇ. ಕೆಳಗಿನ ಅರ್ಧದಲ್ಲಿ ಕುರ್ಚಿ ಇತ್ತು. ಕುರ್ಚಿಯಲ್ಲಿ ತಲೆ ಕೆದರಿದ ಅಕ್ಕ, ಅವಳ ತೊಡೆಯಲ್ಲಿ ಬಾಯಿ ಅಷ್ಟಗಲ ತೆರೆದು ನಗುತ್ತಿರುವ ಪಾಪು. ಮೂವರೂ ನಗುತ್ತಿದ್ದರು. ಅಷ್ಟು ಒಳ್ಳೆಯ ಫೋಟೋ ಅದು. ಹಿತೈಷಿ ಈ ತಾಯಿ ಮಗುವನ್ನು ಕತ್ತರಿಸಿ ಹಾಕಿ, ಆ ಜಾಗದಲ್ಲಿ ಹೊಲಸು ಅಂಟಿಸಿದ್ದ.

ತಂಗಿ ತನ್ನ ಫೋನನ್ನು ಅದರ ಪಕ್ಕದಲ್ಲಿ ಇಟ್ಟಳು. ಬಿಳಿ ಹಾಳೆ ಇನ್ನೂ ಅದರ ಮೇಲಿತ್ತು. ಅಕ್ಕ ಮೊದಲ ಬಾರಿಗೆ ಆ ಚಿತ್ರವನ್ನು ನೋಡಿದಳು. ನೋಡಿದ ಕೂಡಲೇ ಅವಳಿಗೆ ಗುರುತು ಹತ್ತಿತು. ತಂಗಿ ನಾಚಿಕೆಪಡದೆ ಮೊದಲ ದಿನವೇ ತೋರಿಸಿದ್ದರೆ ಅವತ್ತೇ ಹತ್ತುತ್ತಿತ್ತು. ಇಂಥವರು ಬದುಕುವುದೇ ನಮ್ಮ ಹೆಣ್ಣುಮಕ್ಕಳ ನಾಚಿಕೆಯನ್ನು ನಂಬಿಕೊಂಡು.

“ನಾನಲ್ಲ ಪುಟ್ಟಿ,” ಎಂದಳು ಅಕ್ಕ, ಬಹಳ ಮೆಲ್ಲಗೆ.

ತಂಗಿ ಎದ್ದು ಹೋಗಿ ಅಕ್ಕನ ಕೊರಳಿಗೆ ಮುಖ ಇಟ್ಟಳು. ನಾನು ಕಾಫಿ ಕುಡಿಯುವ ನೆಪದಲ್ಲಿ ಗೋಡೆ ನೋಡಿದೆ.

ಆಮೇಲೆ ಅಕ್ಕನ ಒಪ್ಪಿಗೆ ಕೇಳಿ ಅವಳ ಫೋನಿನ ಸೆಟ್ಟಿಂಗ್ ತೆರೆದೆ. ನಿಮ್ಮ ಖಾತೆ ಬೇರೆ ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಒಂದು ಪುಟ ಅಲ್ಲಿರುತ್ತದೆ. ಮನೆಯ ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ನೋಡುವ ಹಾಗೆ ಆಗಾಗ ನೋಡಬೇಕಾದ ಪುಟ, ಯಾರೂ ನೋಡುವುದಿಲ್ಲ. ಅಕ್ಕನ ಖಾತೆ ಈ ಫೋನಿನಲ್ಲಿ ತೆರೆದಿತ್ತು. ಇನ್ನೊಂದು ಟ್ಯಾಬಿನಲ್ಲೂ ತೆರೆದಿತ್ತು. ಅದರ ಕೆಳಗೆ ‘ಈಗ ಬಳಕೆಯಲ್ಲಿದೆ’ ಎಂದಿತ್ತು. ಅವಳು ತೆಗೆದ ಪ್ರತಿ ಫೋಟೋ, ಅವಳಿಗೆ ಬಂದ ಪ್ರತಿ ಮೆಸೇಜು ಅಲ್ಲೂ ಹೋಗಿ ಬೀಳುತ್ತಿತ್ತು.

“ಅದು ಪಾಪು ಟ್ಯಾಬು,” ಎಂದಳು ಅಕ್ಕ. “ಕಾರ್ಟೂನ್ ನೋಡೋದು.”

“ಪಾಪುಗೆ ಓದಕ್ಕೆ ಬರುತ್ತಾ?”

“ಇನ್ನೂ ಅಕ್ಷರ ಕಲೀತಿದ್ದಾಳೆ.”

“ಅದರಲ್ಲಿ ನಿಮ್ಮ ಖಾತೆ ಹಾಕಿಕೊಟ್ಟಿದ್ದು ಯಾರು?”

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಟ್ಯಾಬು ತಂದವನು ಅವಳ ಗಂಡ, ಎಲ್ಲ ಸರಿ ಮಾಡಿ ಕೊಟ್ಟವನೂ ಅವನೇ ಎಂದು ತಂಗಿಯೇ ಹೇಳಬೇಕಾಯಿತು.

ಟ್ಯಾಬು ಯಾರ ಮನೆಯಲ್ಲಿದೆ ಎನ್ನುವುದರಿಂದ ಯಾರ ಬೆರಳು ಎಂದು ರುಜುವಾಗುವುದಿಲ್ಲ, ಆತುರ ಬೇಡ ಎಂದೆ. ತನ್ನ ಖಾತೆಯನ್ನು ಈಗಲೇ ಆ ಟ್ಯಾಬಿನಿಂದ ತೆಗೆದುಹಾಕುತ್ತೇನೆ ಎಂದು ಅಕ್ಕ ಕೈ ಚಾಚಿದಾಗ ತಡೆದೆ. ಮೊದಲು ಅವಳ ಫೋನಿನಲ್ಲೇ ಆ ಪುಟದ ಚಿತ್ರ ಹಿಡಿದಿಟ್ಟೆ, ದಿನ ಗಂಟೆ ಕಾಣುವ ಹಾಗೆ. ಹಿತೈಷಿಯ ಖಾತೆಯ ವಿಳಾಸ, ಅವನ ಮಾತು, ಚಿತ್ರ, ಎಲ್ಲದಕ್ಕೂ ಹಾಗೇ ಮಾಡಿದೆ. ಆಮೇಲೆ ಹುಡುಗಿಯ ಕೈಯಿಂದಲೇ ಆ ಮೆಸೇಜುಗಳು ಬಂದ ಆ್ಯಪಿನ ಕಂಪನಿಗೆ ದೂರು ಕಳಿಸಿದೆವು. ಅವನ ದಾಖಲೆ ಅಳಿಸಬೇಡಿ ಎಂದು ಸ್ಟೇಷನ್ನಿನಿಂದಲೂ ಬರೆದೆ. ಅಚ್ಚಾಗಿದ್ದ ಕಂಪ್ಲೇಂಟನ್ನು ಹುಡುಗಿಯ ಮುಂದೆ ಇಟ್ಟೆ. ಸಹಿ ಒಂದು ಬಾಕಿ ಇತ್ತು.

ಅವಳು ಪೆನ್ನು ಮುಟ್ಟಲಿಲ್ಲ. “ನಾನು ಸೈನ್ ಹಾಕಿದ್ರೆ ಅಕ್ಕನ ಮನೆ ಏನಾಗುತ್ತೆ ಮೇಡಂ?”

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ತಿರುಚಿದ ಚಿತ್ರ ಹಂಚುವುದು ಅಪರಾಧ, ಹಂಚುತ್ತೇನೆಂದು ಹೆದರಿಸುವುದೂ ಅಪರಾಧ, ಇನ್ನೂ ಹಂಚಿಲ್ಲ ಎಂದು ಅವನು ಪಾರಾಗುವಂತಿಲ್ಲ. ನಿನ್ನ ಹೆಸರು ಹೊರಗೆ ಬರುವುದಿಲ್ಲ. ಅವನು ಯಾರೇ ಆಗಿರಲಿ, ನಿನ್ನ ಹತ್ತಿರ ಸುಳಿಯದ ಹಾಗೆ ಕೋರ್ಟಿನಿಂದ ಆದೇಶ ತರಬಹುದು. ದೂರಿನ ಪ್ರತಿ ನಿನ್ನ ಕೈಯಲ್ಲೇ ಇರುತ್ತದೆ. ಇದಕ್ಕೆಲ್ಲ ಮೊದಲು ಬೇಕಾದ್ದು ನಿನ್ನ ಒಂದು ಸಹಿ.

ಹುಡುಗಿ ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕ ಪೆನ್ನು ಎತ್ತಿ, ಮುಚ್ಚಳ ತೆಗೆದು, ತಂಗಿಯ ಬೆರಳುಗಳ ನಡುವೆ ಇಟ್ಟಳು. ಚಿಕ್ಕಂದಿನಲ್ಲಿ ಬಳಪ ಹಿಡಿಸಿದವಳೂ ಅವಳೇ ಇರಬೇಕು.

“ಹಾಕು. ನನ್ನ ಮನೆ ಚಿಂತೆ ನನಗಿರ್ಲಿ. ನಿನ್ನ ಕೆಲಸ ನೀನು ಯಾಕೆ ಬಿಡ್ತೀಯಾ?”

“ನೀನು ಎಲ್ಲಿಗೆ ಹೋಗ್ತೀಯಾ ಅಕ್ಕ?”

“ಎಲ್ಲಿಗೋ. ನೀನು ಹಾಕು ಮೊದಲು.”

ತಂಗಿ ಸಹಿ ಹಾಕಿದಳು. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅಕ್ಕ ಅದೇ ಪೆನ್ನು ತೆಗೆದುಕೊಂಡು ನನ್ನ ಕಡೆ ತಿರುಗಿ, ತನ್ನ ಖಾತೆಯನ್ನೂ ಕದ್ದು ನೋಡಿದ್ದಾನಲ್ಲ, ತಾನೂ ಒಂದು ದೂರು ಬರೆದುಕೊಡಬಹುದೇ ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ನನಗೆ ಆಗಲೇ ಬೇರೊಂದು ದಿಗಿಲು ಹತ್ತಿತ್ತು.

“ಪಾಪು ಈಗ ಯಾರ ಹತ್ರ ಇದ್ದಾಳೆ?”

“ಅವರ ಹತ್ರಾನೇ. ಬಟ್ಟೆ ಅಂಗಡಿಗೆ ಹೋಗಿ ಬರ್ತೀವಿ ಅಂತ ಹೇಳಿ ಬಂದೆ. ನೀವು ಆರಾಮಾಗಿ ಹೋಗಿ ಬನ್ನಿ, ನಾನು ರಜೆ ಹಾಕಿ ನೋಡ್ಕೋತೀನಿ ಅಂದ್ರು.”

ನಾನು ಗಂಟೆ ಒತ್ತಿ ಹೆಡ್ ಕಾನ್ಸ್‌ಟೇಬಲ್‌ರನ್ನು ಕರೆದೆ. ಜೀಪು ಬೇಡ, ಮಫ್ತಿಯಲ್ಲಿ ಇವರ ಮನೆಗೆ ಹೋಗಿ, ಬಾಗಿಲು ತಟ್ಟಬೇಡಿ, ಮನೆ ಕಣ್ಣಿಗೆ ಬೀಳುವ ಹಾಗೆ ನಿಂತಿರಿ ಎಂದೆ. ಅವರು ಬಾಗಿಲು ದಾಟುವಷ್ಟರಲ್ಲಿ ಮೇಜಿನ ಮೇಲಿದ್ದ ಅಕ್ಕನ ಫೋನಿನಲ್ಲಿ ಆ ಪುಟ ತಾನಾಗಿ ಬದಲಾಯಿತು. ಟ್ಯಾಬಿನ ಹೆಸರು ಪಟ್ಟಿಯಿಂದ ಮಾಯವಾಗಿತ್ತು. ಅದನ್ನು ನಾವು ಯಾರೂ ಮುಟ್ಟಿರಲಿಲ್ಲ. ಸ್ಟೇಷನ್ನಿಗೆ ಬರುವ ಬಗ್ಗೆ ಅಕ್ಕ ತಂಗಿ ಬರೆದುಕೊಂಡದ್ದೂ, ಈಗ ನಾನು ಹಿಡಿದಿಟ್ಟ ಚಿತ್ರವೂ ಆ ಟ್ಯಾಬಿಗೇ ಹೋಗಿ ಬಿದ್ದಿರಬೇಕು.

ಕೂಡಲೇ ಫೋನು ಹೊಡೆದುಕೊಂಡಿತು. ಗಂಡನ ಫೋನಿನಿಂದ.

ನಾನು ತಲೆ ಆಡಿಸಿದೆ. ಅಕ್ಕ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದಳು. ತಂಗಿ ಅವಳ ಕೈ ಹಿಡಿದುಕೊಂಡಳು.

ಆ ಕಡೆ ಅವನ ದನಿ ಬರಲಿಲ್ಲ. ಪಾಪುವಿನ ದನಿ ಬಂತು, ಯಾರೋ ಪಕ್ಕದಲ್ಲಿ ಕೂತು ಹೇಳಿಕೊಟ್ಟದ್ದನ್ನು ಒಂದೊಂದಾಗಿ ಒಪ್ಪಿಸುವ ಹಾಗೆ.

“ಅಮ್ಮಾ, ನೀವಿಬ್ರೂ ಮೇಡಂ ಹತ್ರ ಸೈನ್ ಹಾಕಿ ಆಯ್ತಾ ಅಂತ ಅಪ್ಪ ಕೇಳ್ತಿದ್ದಾರೆ. ನನ್ನನ್ನ ಕಾರಲ್ಲಿ ಕೂರ್ಸಿದ್ದಾರೆ ಅಮ್ಮಾ. ಎಲ್ಲಿಗೆ ಹೋಗ್ತಿದೀವಿ?”